ಮನೆಯವರಿಗೆ ವಾಸಿಯಾಗದ ಕಾಯಿಲೆ ಬಂದಾಗ ಕಂಪನಿಯ ಜೀವವಿಮೆ ಕೈತಪ್ಪದಂತೆ ನೋಡಿಕೊಳ್ಳುವುದು ಹೇಗೆ

ನಮ್ಮ ಭಾವನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾದಾಗ ಅದು ನಾಲ್ಕನೇ ಹಂತಕ್ಕೆ ಹೋಗಿಬಿಟ್ಟಿತ್ತು. ಡಾಕ್ಟರ್ ಅಕ್ಕನನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದ ದಿನ ರಾತ್ರಿ ನಾನು ಅವರ ಮನೆಯಲ್ಲೇ ಇದ್ದೆ. ಯಾರಿಗೂ ಊಟ ಸೇರಲಿಲ್ಲ. ಭಾವ ಲ್ಯಾಪ್‌ಟಾಪ್ ತೆರೆದು ಏನೋ ಟೈಪ್ ಮಾಡುತ್ತಿದ್ದರು. ಹತ್ತಿರ ಹೋಗಿ ನೋಡಿದರೆ ರಾಜೀನಾಮೆ ಪತ್ರ. "ಇನ್ನು ಕೆಲಸ ಮಾಡೋಕೆ ಆಗಲ್ಲ, ಸುಮ್ನೆ ಆಫೀಸಿನವರಿಗೆ ಯಾಕೆ ತೊಂದರೆ" ಎಂದರು. ಎಚ್‌ಆರ್‌ನವರೂ ಫೋನಿನಲ್ಲಿ, ಆರೋಗ್ಯದ ಕಾರಣ ಕೊಟ್ಟು ಬಿಟ್ಟುಬಿಡಿ ಸರ್, ಸೆಟ್ಲ್‌ಮೆಂಟ್ ಬೇಗ ಮಾಡಿಸ್ತೀವಿ ಅಂದಿದ್ದರಂತೆ.

ಆ ಪತ್ರ ಅವತ್ತು ಹೋಗಿದ್ದರೆ ಕಂಪನಿಯ ಗ್ರೂಪ್ ವಿಮೆಯೂ ಹೋಗುತ್ತಿತ್ತು, ಪಿಎಫ್ ಜೊತೆಗೆ ಬರುವ ಏಳು ಲಕ್ಷದ ವಿಮೆಯೂ ಹೋಗುತ್ತಿತ್ತು. ಎರಡೂ ನಿಂತಿರುವುದು ಒಂದೇ ವಿಷಯದ ಮೇಲೆ. ಸಾಯುವ ದಿನ ಆ ವ್ಯಕ್ತಿ ಕಂಪನಿಯ ನೌಕರರ ಪಟ್ಟಿಯಲ್ಲಿ ಇದ್ದರೋ ಇಲ್ಲವೋ? ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಇಂಥ ಹೊತ್ತಿನಲ್ಲಿ ದುಡ್ಡಿನ ಮಾತು ಎತ್ತಲು ಮನೆಯಲ್ಲಿ ಎಲ್ಲರಿಗೂ ಸಂಕೋಚ, ಆ ಸಂಕೋಚದಲ್ಲೇ ಎಷ್ಟೋ ಮನೆಗಳು ಬರಬೇಕಾದ ಹಣ ಕಳೆದುಕೊಳ್ಳುತ್ತವೆ.

ಇದು ಭಾರತದಲ್ಲಿ ಖಾಸಗಿ ಕೆಲಸದಲ್ಲಿರುವವರಿಗೆ ಬರೆದದ್ದು. ರಾಜ್ಯ ಸರ್ಕಾರಿ ನೌಕರರಿಗೆ ಕೆಜಿಐಡಿ (ಕರ್ನಾಟಕ ಸರ್ಕಾರಿ ವಿಮಾ ಇಲಾಖೆ) ಪಾಲಿಸಿ, ಕುಟುಂಬ ಪಿಂಚಣಿ, ಅನುಕಂಪದ ನೇಮಕಾತಿ ಎಂದು ದಾರಿಯೇ ಬೇರೆ. ಆದರೆ ನಾಮಿನಿ ಮತ್ತು ಹೆಸರಿನ ಬಗ್ಗೆ ಕೆಳಗೆ ಬರೆದದ್ದನ್ನು ಅವರೂ ಓದಿಕೊಳ್ಳಲಿ.

ಮೊದಲನೆಯದು: ಯಾವುದಕ್ಕೂ ಸಹಿ ಹಾಕಬೇಡಿ

ರಾಜೀನಾಮೆ, ಸ್ವಯಂ ನಿವೃತ್ತಿ, "ಪರಸ್ಪರ ಒಪ್ಪಿಗೆಯಿಂದ ಬಿಡುಗಡೆ", ಪಿಎಫ್ ಪೂರ್ತಿ ತೆಗೆಯುವ ಅರ್ಜಿ. ಇವುಗಳಲ್ಲಿ ಯಾವುದಕ್ಕೂ ಈಗ ಸಹಿ ಬೇಡ. ಕಂಪನಿಯವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಎಚ್‌ಆರ್‌ನಲ್ಲಿ ಕೂತಿರುವ ಹುಡುಗನಿಗೆ ವಿಮೆಯ ವಿಷಯ ಹೊಳೆಯದೇ ಇರಬಹುದು. ನೀವು ಹೇಳಬೇಕಾದದ್ದು ಇಷ್ಟೇ: "ಸದ್ಯ ರಜೆಯಲ್ಲಿರುತ್ತಾರೆ, ಚಿಕಿತ್ಸೆ ನಡೆಯುತ್ತಿದೆ, ಮೆಡಿಕಲ್ ಸರ್ಟಿಫಿಕೇಟ್ ಕಳಿಸುತ್ತೇವೆ."

ಇನ್ನೊಂದು ಮಾತು, ಇದು ಕಾಯಿಲೆಯವರಿಗಲ್ಲ, ಅವರನ್ನು ನೋಡಿಕೊಳ್ಳುತ್ತಿರುವ ನಿಮಗೆ. ನೀವೂ ಕೆಲಸದಲ್ಲಿದ್ದರೆ ಆತುರದಲ್ಲಿ ಬಿಡಬೇಡಿ. ಕೆಲವು ಕಂಪನಿಗಳಲ್ಲಿ ನೌಕರರು ತಮ್ಮ ಗಂಡ ಅಥವಾ ಹೆಂಡತಿಯ ಮೇಲೂ ಸ್ವಂತ ದುಡ್ಡು ಕಟ್ಟಿ ಟರ್ಮ್ ವಿಮೆ (ಅವಧಿಯೊಳಗೆ ಸಾವಾದರೆ ಮಾತ್ರ ಹಣ ಬರುವ ಜೀವವಿಮೆ) ಸೇರಿಸಿರುತ್ತಾರೆ, ಗ್ರೂಪ್ ಆರೋಗ್ಯ ವಿಮೆಯಲ್ಲಂತೂ ಹೆಸರು ಇದ್ದೇ ಇರುತ್ತದೆ. ನೀವು ಕೆಲಸ ಬಿಟ್ಟ ದಿನ ಅದೆಲ್ಲ ಮುಗಿಯುತ್ತದೆ. ಅರ್ಧ ಸಂಬಳವಾದರೂ ಆಗಲಿ, ಸಂಬಳವೇ ಇಲ್ಲದ ರಜೆಯಾದರೂ ಆಗಲಿ, ಮೊದಲು ಅದನ್ನು ಕೇಳಿ.

ಎರಡನೆಯದು: ಏನೇನು ಇದೆ ಎಂದು ಒಂದು ಕಾಗದದಲ್ಲಿ ಬರೆಯಿರಿ

ನಾವು ಒಂದು ನೀಲಿ ಫೈಲ್ ಮಾಡಿದ್ದೆವು. ಮೊದಲ ಹಾಳೆಯಲ್ಲಿ ಬರೀ ಪಟ್ಟಿ. ಅದರಲ್ಲಿ ಇರಬೇಕಾದದ್ದು ಇವು.

ಕಂಪನಿಯ ಗ್ರೂಪ್ ಟರ್ಮ್ ವಿಮೆ ಮೊದಲನೆಯದು. ಇದು ಕಂಪನಿ ಮತ್ತು ವಿಮಾ ಸಂಸ್ಥೆಯ ನಡುವಿನ ಒಪ್ಪಂದ, ಸಾಮಾನ್ಯವಾಗಿ ವರ್ಷ ವರ್ಷ ನವೀಕರಣವಾಗುತ್ತದೆ. ವಾರ್ಷಿಕ ಸಂಬಳದ ಎರಡು ಮೂರು ಪಟ್ಟು ಇರುವುದುಂಟು, ಕೆಲವು ಕಡೆ ಎಲ್ಲರಿಗೂ ಒಂದೇ ಮೊತ್ತ. ನಿಮ್ಮ ಕೈಗೆ ಪಾಲಿಸಿ ಬಾಂಡ್ ಬರುವುದಿಲ್ಲ, ಹೆಚ್ಚೆಂದರೆ ವಿಮಾ ಪ್ರಮಾಣಪತ್ರ ಎಂಬ ಒಂದು ಹಾಳೆ ಸಿಗುತ್ತದೆ. ಹಾಗಾಗಿಯೇ ಇದು ಇದೆ ಎನ್ನುವುದೇ ಬಹಳ ಮನೆಗಳಿಗೆ ಗೊತ್ತಿರುವುದಿಲ್ಲ. ಆಫರ್ ಲೆಟರ್, ಕಂಪನಿಯ ಆಂತರಿಕ ಪೋರ್ಟಲ್, ಸಂಬಳದ ಚೀಟಿ ಎಲ್ಲ ಹುಡುಕಿ.

ಎರಡನೆಯದು ಇಡಿಎಲ್‌ಐ. ಮೇಲೆ ಹೇಳಿದ, ಪಿಎಫ್ ಜೊತೆಗೆ ಬರುವ ಜೀವವಿಮೆ ಇದೇ. 1976ರಿಂದ ಇರುವ ಯೋಜನೆ, ಪಿಎಫ್ ಇರುವವರಿಗೆಲ್ಲ ತಾನಾಗಿಯೇ ಬರುತ್ತದೆ, ನೌಕರರು ಇದಕ್ಕೆ ಒಂದು ಪೈಸೆಯನ್ನೂ ಕಟ್ಟುವುದಿಲ್ಲ. ಕೆಲವು ದೊಡ್ಡ ಕಂಪನಿಗಳು ಇದರಿಂದ ವಿನಾಯಿತಿ ಪಡೆದು ಬದಲಿಗೆ ಬೇರೆ ಗ್ರೂಪ್ ವಿಮೆ ಮಾಡಿಸಿರುತ್ತವೆ. ನಿಮ್ಮದು ಯಾವುದು ಎಂದು ಕೇಳಿ ತಿಳಿದುಕೊಳ್ಳಿ.

ಇವೆರಡರ ಜೊತೆಗೆ ಗ್ರ್ಯಾಚುಯಿಟಿ ಇದೆ, ಅಂದರೆ ಸೇವೆಯ ವರ್ಷಗಳ ಲೆಕ್ಕದಲ್ಲಿ ಕಂಪನಿ ಕೊಡುವ ಇಡುಗಂಟು. ಐದು ವರ್ಷ ಆಗಿಲ್ಲ, ಹಾಗಾಗಿ ಸಿಗಲ್ಲ ಎನ್ನುತ್ತಾರೆ. ಸಾವಿನ ಸಂದರ್ಭದಲ್ಲಿ ಐದು ವರ್ಷದ ನಿಯಮ ಅನ್ವಯಿಸುವುದಿಲ್ಲ. ಪಿಎಫ್ ಪಿಂಚಣಿ ಯೋಜನೆಯ ಸದಸ್ಯರಾಗಿದ್ದರೆ ಹೆಂಡತಿ ಅಥವಾ ಗಂಡನಿಗೆ ಪಿಂಚಣಿ, ಇಬ್ಬರು ಮಕ್ಕಳಿಗೆ 25 ವರ್ಷದವರೆಗೆ ಮಕ್ಕಳ ಪಿಂಚಣಿ ಇದೆ. ಸಂಬಳದ ಖಾತೆಯ ಜೊತೆ ಬ್ಯಾಂಕ್ ಕೊಡುವ ವಿಮೆ ಹೆಚ್ಚಾಗಿ ಅಪಘಾತಕ್ಕೆ ಮಾತ್ರ, ಆದರೂ ಶಾಖೆಯಲ್ಲಿ ಕೇಳಿ. ಪ್ರಧಾನ ಮಂತ್ರಿ ಜೀವನ ಜ್ಯೋತಿಗೆ ಮೊದಲೇ ಸೇರಿದ್ದರೆ ಅದು ಎರಡು ಲಕ್ಷ. ಮೇ ಕೊನೆಯಲ್ಲಿ 436 ರೂಪಾಯಿ ಕಡಿತವಾಗುವಾಗ ಖಾತೆಯಲ್ಲಿ ಹಣ ಇರಬೇಕು. ಸಂಬಳ ನಿಂತ ಮನೆಯಲ್ಲಿ ಇದು ತಪ್ಪಿಹೋಗುವುದು ಬಹಳ ಸುಲಭ.

ಮೂರನೆಯದು: ಎಚ್‌ಆರ್‌ಗೆ ಈ ಮೇಲ್ ಕಳಿಸಿ

ಫೋನಿನಲ್ಲಿ ಸಿಗುವ ಉತ್ತರಕ್ಕೆ ಬೆಲೆಯಿಲ್ಲ. ಮೇಲ್ ಹಾಕಿ, ಕಾಯಿಲೆಯವರ ವೈಯಕ್ತಿಕ ಮೇಲ್ ಐಡಿಯಿಂದ ಹಾಕಿ, ನಿಮಗೂ ಒಂದು ಪ್ರತಿ ಬರಲಿ. ಆಫೀಸಿನ ಮೇಲ್ ಯಾವತ್ತು ಬೇಕಾದರೂ ಮುಚ್ಚಿಹೋಗಬಹುದು.

ಕೇಳಬೇಕಾದ ಪ್ರಶ್ನೆಗಳನ್ನು ನಾನು ಹೀಗೆ ಬರೆದಿದ್ದೆ. ಗ್ರೂಪ್ ಟರ್ಮ್ ವಿಮೆಯ ಮೊತ್ತ ಎಷ್ಟು, ಯಾವ ಸಂಸ್ಥೆಯದು, ಮಾಸ್ಟರ್ ಪಾಲಿಸಿ ನಂಬರ್ ಏನು? ಪಾಲಿಸಿ ನವೀಕರಣ ಆಗುವುದು ಯಾವ ತಾರೀಕು? ಸಂಬಳವಿಲ್ಲದ ರಜೆಯಲ್ಲಿರುವಾಗ ವಿಮೆ ಮುಂದುವರಿಯುತ್ತದೆಯೇ, ಎಷ್ಟು ದಿನ? ನವೀಕರಣದ ದಿನ ಕೆಲಸಕ್ಕೆ ಹಾಜರಿರಬೇಕು ಎಂಬ ಷರತ್ತು ಇದೆಯೇ? ಸಾವು ಸನ್ನಿಹಿತವಾದ ಕಾಯಿಲೆಗೆ ಮುಂಗಡವಾಗಿ ಹಣ ಕೊಡುವ ಸೌಲಭ್ಯ ಇದೆಯೇ? ಕೆಲಸ ಬಿಟ್ಟರೆ ವೈದ್ಯಕೀಯ ಪರೀಕ್ಷೆ ಇಲ್ಲದೆ ಸ್ವಂತ ಪಾಲಿಸಿಯಾಗಿ ಬದಲಾಯಿಸಿಕೊಳ್ಳಲು ಆಗುತ್ತದೆಯೇ? ದಾಖಲೆಯಲ್ಲಿ ಈಗ ನಾಮಿನಿ ಯಾರು?

ಇದರಲ್ಲಿ ಎರಡು ಪ್ರಶ್ನೆಗಳ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಹಾಜರಿಯ ಷರತ್ತು ಅನೇಕ ಗ್ರೂಪ್ ಪಾಲಿಸಿಗಳಲ್ಲಿ ಇರುತ್ತದೆ. ಹೊಸದಾಗಿ ಸೇರುವವರು ಅಥವಾ ವಿಮಾ ಮೊತ್ತ ಹೆಚ್ಚಾಗುವವರು ಆ ದಿನ ನಿಜವಾಗಿ ಕೆಲಸದಲ್ಲಿರಬೇಕು ಎಂಬುದು ಅದರ ಅರ್ಥ. ಕಾಯಿಲೆ ರಜೆಯಲ್ಲಿರುವವರಿಗೆ ಹೆಚ್ಚುವರಿ ಮೊತ್ತ ಸಿಗದೇ ಹಳೆಯ ಮೊತ್ತವೇ ನಿಲ್ಲಬಹುದು. ನಿಜವಾದ ಅಪಾಯ ಕಂಪನಿ ವಿಮಾ ಸಂಸ್ಥೆಯನ್ನೇ ಬದಲಾಯಿಸಿದಾಗ. ಹೊಸ ಸಂಸ್ಥೆಯವರು ರಜೆಯಲ್ಲಿರುವವರನ್ನು ಹೇಗೆ ನೋಡುತ್ತಾರೆ ಎಂದು ನವೀಕರಣಕ್ಕೆ ಮೊದಲೇ ಬರಹದಲ್ಲಿ ತೆಗೆದುಕೊಳ್ಳಿ. ಎಚ್‌ಆರ್‌ನವರು ಯಾರು ಸೇರಿದರು, ಯಾರು ಬಿಟ್ಟರು ಎಂಬ ಪಟ್ಟಿಯನ್ನು ವಿಮಾ ಸಂಸ್ಥೆಗೆ ಆಗಾಗ ಕಳಿಸುತ್ತಾರೆ. ರಜೆಯಲ್ಲಿರುವವರ ಹೆಸರು ತಪ್ಪಿ "ಬಿಟ್ಟವರ" ಕಡೆ ಹೋಗದಂತೆ ನೋಡಿಕೊಳ್ಳಲು ನೇರವಾಗಿಯೇ ಕೇಳಿ. ಭಾವನ ಹೆಸರು ಪಟ್ಟಿಯಲ್ಲಿದೆ ಎಂಬ ಒಂದು ಸಾಲಿನ ಉತ್ತರಕ್ಕಾಗಿ ನಾನು ನಾಲ್ಕು ಸಲ ಮೇಲ್ ಹಾಕಿದೆ. ಕೊನೆಗೂ ಬಂತು. ಅದನ್ನು ಪ್ರಿಂಟ್ ತೆಗೆದು ಫೈಲಿಗೆ ಹಾಕಿದೆ.

ಇನ್ನು ಮುಂಗಡ ಹಣದ ಸೌಲಭ್ಯ. ಎಲ್ಲ ಪಾಲಿಸಿಗಳಲ್ಲಿ ಇಲ್ಲ. ಇದ್ದ ಕಡೆ, ರೋಗಿ ಸುಮಾರು ಆರು ತಿಂಗಳಿಗಿಂತ ಹೆಚ್ಚು ಬದುಕುವ ಸಾಧ್ಯತೆ ಕಡಿಮೆ ಎಂದು ತಜ್ಞ ವೈದ್ಯರು ಬರೆದುಕೊಟ್ಟರೆ ವಿಮಾ ಮೊತ್ತದ ಒಂದು ಭಾಗ ಅಥವಾ ಪೂರ್ತಿ ಮೊದಲೇ ಕೊಡುತ್ತಾರೆ, ಅಷ್ಟು ಆಮೇಲೆ ಕಡಿತವಾಗುತ್ತದೆ. ಆ ಸರ್ಟಿಫಿಕೇಟ್ ಕೇಳಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಚಿಕಿತ್ಸೆಗೆ ಮನೆ ಅಡವಿಡುವ ಯೋಚನೆಯಲ್ಲಿದ್ದರೆ ಮೊದಲು ಇದನ್ನು ವಿಚಾರಿಸಿ.

ನಾಲ್ಕನೆಯದು: ಹೆಸರು ಪಟ್ಟಿಯಲ್ಲಿ ಉಳಿಸುವುದು

ಇದೇ ಇಡೀ ವಿಷಯದ ಗಂಟು. ಖಾಸಗಿ ಕಂಪನಿಯಲ್ಲಿ ತೀವ್ರ ಕಾಯಿಲೆಯವರನ್ನು ಕೆಲಸದಿಂದ ತೆಗೆಯಲೇಬಾರದು ಎಂಬ ಗಟ್ಟಿ ಕಾನೂನು ಎಲ್ಲರಿಗೂ ಇಲ್ಲ. ಹಾಗಾಗಿ ಮಾತುಕತೆಯೇ ಆಧಾರ, ಆ ಮಾತುಕತೆಗೆ ಹೋಗುವಾಗ ಲೆಕ್ಕ ಇಟ್ಟುಕೊಂಡು ಹೋಗಿ.

ಮೊದಲು ಇರುವ ರಜೆಗಳನ್ನು ಬಳಸಿ: ಗಳಿಕೆ ರಜೆ, ಕಾಯಿಲೆ ರಜೆ, ಸಹೋದ್ಯೋಗಿಗಳು ರಜೆ ದಾನ ಮಾಡುವ ಪದ್ಧತಿ ಇದ್ದರೆ ಅದೂ. ಅವು ಒಂದೇ ಸಲ ಮುಗಿದುಹೋಗದಂತೆ, ಆಗುವಷ್ಟು ದಿನ ಮನೆಯಿಂದ ಕೆಲಸ ಮಾಡಲು ಅನುಮತಿ ಕೇಳಿ. ಕೆಲವು ದಿನದ ಸಂಬಳದ ರಜೆ ಉಳಿಸಿಕೊಂಡು (ಯಾಕೆಂದು ಐದನೆಯದರಲ್ಲಿದೆ), ಆಮೇಲೆ ಸಂಬಳವಿಲ್ಲದ ರಜೆ. ಸಂಬಳ ಕೊಡದೇ ಹೆಸರು ಮಾತ್ರ ಇಟ್ಟುಕೊಂಡರೆ ಕಂಪನಿಗೆ ಆಗುವ ಖರ್ಚು ವಿಮೆಯ ಕಂತಿನಷ್ಟೇ. ಇದನ್ನು ಬಾಯಿಬಿಟ್ಟು ಹೇಳಿ. ಅಕ್ಕ ಮ್ಯಾನೇಜರ್ ಎದುರು ಕೂತು ಹೇಳಿದ್ದು ಇಷ್ಟೇ: "ಸಂಬಳ ಬೇಡ ಸರ್. ಇವರ ಹೆಸರು ಮಾತ್ರ ತೆಗೀಬೇಡಿ. ನಂಗೆ ಇಬ್ಬರು ಮಕ್ಕಳು." ಆ ಮನುಷ್ಯ ಅವತ್ತೇ ಮೇಲಿನವರಿಗೆ ಬರೆದರು. ಆರು ತಿಂಗಳ ರಜೆ ಮಂಜೂರಾಯಿತು.

ಮಂಜೂರಾದ ರಜೆಯ ಪತ್ರದಲ್ಲಿ "ಈ ಅವಧಿಯಲ್ಲಿ ಸೇವೆ ಮುಂದುವರಿದಿರುತ್ತದೆ" ಎಂಬ ಮಾತು ಇರಲಿ. ರಜೆ ಮುಗಿಯುವ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಹದಿನೈದು ದಿನ ಮೊದಲೇ ಮುಂದುವರಿಕೆಗೆ ಅರ್ಜಿ ಹಾಕಿ. ಹೇಳದೆ ಕೇಳದೆ ಗೈರುಹಾಜರಾದರೆ ಕೆಲಸ ಬಿಟ್ಟುಹೋಗಿದ್ದಾರೆ ಎಂದು ತೀರ್ಮಾನಿಸುವ ನಿಯಮ ಅನೇಕ ಕಂಪನಿಗಳಲ್ಲಿದೆ, ಅದಕ್ಕೆ ಅವಕಾಶ ಕೊಡಬೇಡಿ. ಕೆಲಸ ಮಾಡದೇ ಮಾಡಿದಂತೆ ಲಾಗಿನ್ ಮಾಡಿ ಹಾಜರಿ ತೋರಿಸುವುದೂ ಬೇಡ. ಮುಂದೆ ಕ್ಲೇಮ್ ಹೊತ್ತಿಗೆ ಅದೇ ಮುಳುವಾಗುತ್ತದೆ.

ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿರುವವರಿಗೆ, ಅಂದರೆ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ, ಇಲ್ಲಿ ಒಳ್ಳೆಯ ಆಸರೆ ಇದೆ. ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗಳಿಗೆ, ಎರಡು ವರ್ಷದ ಸೇವೆ ಮತ್ತು ವಂತಿಗೆ ಕಟ್ಟಿರುವ ಷರತ್ತು ಪೂರೈಸಿದ್ದರೆ, ಸಂಬಳದ ಶೇಕಡಾ 80ರಷ್ಟು ಎರಡು ವರ್ಷದವರೆಗೂ ಸಿಗುತ್ತದೆ. ಕಾಯಿಲೆ ಭತ್ಯೆ ಪಡೆಯುತ್ತಿರುವ ಅವಧಿಯಲ್ಲಿ ಮಾಲೀಕರು ಕೆಲಸದಿಂದ ತೆಗೆಯುವಂತಿಲ್ಲ ಎಂಬ ರಕ್ಷಣೆಯೂ ಇದೆ. ಗಾರ್ಮೆಂಟ್ಸ್‌ನಲ್ಲಿ, ಸಣ್ಣ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡುವವರ ಮನೆಯವರು ಇದನ್ನು ತಪ್ಪದೇ ಕೇಳಿ.

ಐದನೆಯದು: ಪಿಎಫ್ ಹಣಕ್ಕೆ ಕೈ ಹಾಕುವ ಮೊದಲು ಈ ಲೆಕ್ಕ ನೋಡಿ

ಇಡಿಎಲ್‌ಐ ಮೊತ್ತದಲ್ಲಿ ಎರಡು ಭಾಗ. ಕೊನೆಯ ಹನ್ನೆರಡು ತಿಂಗಳ ಸರಾಸರಿ ಸಂಬಳದ 35 ಪಟ್ಟು ಒಂದು ಭಾಗ, ಇದಕ್ಕೆ ಸಂಬಳದ ಮಿತಿ 15,000. ಅಂದರೆ ಹೆಚ್ಚೆಂದರೆ 5,25,000. ಇನ್ನೊಂದು ಭಾಗ ಕೊನೆಯ ಹನ್ನೆರಡು ತಿಂಗಳಲ್ಲಿ ಪಿಎಫ್ ಖಾತೆಯಲ್ಲಿದ್ದ ಸರಾಸರಿ ಹಣದ ಅರ್ಧ, ಮಿತಿ 1,75,000. ಎರಡೂ ಸೇರಿ ಗರಿಷ್ಠ 7 ಲಕ್ಷ. ಸತತ ಹನ್ನೆರಡು ತಿಂಗಳು ಕೆಲಸದಲ್ಲಿದ್ದವರಿಗೆ ಕನಿಷ್ಠ 2.5 ಲಕ್ಷ.

ಎರಡನೇ ಭಾಗ ನೋಡಿದಿರಾ? ಸರಾಸರಿ ಬ್ಯಾಲೆನ್ಸ್ 3.5 ಲಕ್ಷಕ್ಕಿಂತ ಕೆಳಗೆ ಇಳಿದರೆ ವಿಮೆಯ ಹಣವೂ ಇಳಿಯುತ್ತದೆ. ಭಾವನ ಖಾತೆಯಲ್ಲಿ ಆರು ಲಕ್ಷದ ಮೇಲಿತ್ತು, ಆಸ್ಪತ್ರೆ ಖರ್ಚಿಗೆ ಪೂರ್ತಿ ತೆಗೆಯೋಣ ಎನ್ನುತ್ತಿದ್ದರು. ಕಾಯಿಲೆಗೆಂದು ಎರಡು ಲಕ್ಷ ಮುಂಗಡ ತೆಗೆದೆವು, ಉಳಿದದ್ದನ್ನು ಮುಟ್ಟಲಿಲ್ಲ. ಮುಂಗಡ ತೆಗೆದರೆ ಸದಸ್ಯತ್ವ ಹೋಗುವುದಿಲ್ಲ. ಕೆಲಸ ಬಿಟ್ಟಿದ್ದೇನೆ ಎಂದು ಅಂತಿಮ ಸೆಟ್ಲ್‌ಮೆಂಟ್ ತೆಗೆದುಕೊಂಡರೆ ಮಾತ್ರ ಎಲ್ಲವೂ ಮುಗಿದಂತೆ. ಚಿಕಿತ್ಸೆಗೆ ನಿಜವಾಗಿಯೂ ಹಣ ಬೇಕಿದ್ದರೆ ತೆಗೆಯಿರಿ, ಜೀವಕ್ಕಿಂತ ಲೆಕ್ಕ ದೊಡ್ಡದಲ್ಲ. ತಿಳಿದು ತೆಗೆಯಿರಿ ಅಷ್ಟೇ.

ಸಂಬಳವಿಲ್ಲದ ರಜೆಯಲ್ಲಿ ಪಿಎಫ್ ಕಟ್ಟುವುದೂ ನಿಲ್ಲುತ್ತದೆ. ಮೊದಲು ಇದೇ ಕಾರಣಕ್ಕೆ ಇಡಿಎಲ್‌ಐ ತಿರಸ್ಕಾರವಾದದ್ದುಂಟು. 2025ರ ತಿದ್ದುಪಡಿಯ ನಂತರ, ಕೊನೆಯ ಕಂತು ಕಟ್ಟಿದ ಆರು ತಿಂಗಳ ಒಳಗೆ ಸಾವು ಸಂಭವಿಸಿ, ಹೆಸರು ಕಂಪನಿಯ ಪಟ್ಟಿಯಲ್ಲಿ ಇನ್ನೂ ಇದ್ದರೆ ಹಣ ಸಿಗುತ್ತದೆ. ಹಾಗಾಗಿ ರಜೆಯನ್ನು ಹೊಂದಿಸುವಾಗ ಒಂದು ಉಪಾಯ ಮಾಡಿ. ಸಂಬಳದ ರಜೆಯನ್ನೆಲ್ಲ ಮೊದಲೇ ಖಾಲಿ ಮಾಡಬೇಡಿ. ನಾಲ್ಕೈದು ತಿಂಗಳಿಗೊಮ್ಮೆ ಕೆಲವು ದಿನವಾದರೂ ಸಂಬಳದ ರಜೆ ಬರುವಂತೆ ಎಚ್‌ಆರ್ ಜೊತೆ ಮಾತಾಡಿದರೆ ಆ ತಿಂಗಳ ಕಂತು ಬೀಳುತ್ತದೆ.

ಆರನೆಯದು: ನಾಮಿನಿ, ಹೆಸರು, ಓಟಿಪಿ

ಕಾಯಿಲೆಯವರಿಗೆ ಮಾತು, ನೆನಪು, ಸಹಿ ಎಲ್ಲ ಸರಿಯಿರುವಾಗಲೇ ಇದು ಮುಗಿಯಬೇಕು. ನೋವಿನ ಔಷಧಿ ಜಾಸ್ತಿಯಾದ ಮೇಲೆ ಸಹಿ ಹಾಕಿಸುವುದು ಸರಿಯೂ ಅಲ್ಲ, ಮುಂದೆ ಅದರ ಮೇಲೆ ತಕರಾರೂ ಬರುತ್ತದೆ.

ಭಾವ ಕೆಲಸಕ್ಕೆ ಸೇರಿದ್ದು ಮದುವೆಗೆ ಮುಂಚೆ. ಕಂಪನಿ ವಿಮೆಯಲ್ಲಿ ನಾಮಿನಿ ಅವರ ತಾಯಿ. ಹತ್ತು ವರ್ಷ ಯಾರೂ ಅದನ್ನು ತೆರೆದು ನೋಡಿರಲಿಲ್ಲ. ಪಿಎಫ್‌ನಲ್ಲಿ ಮದುವೆಗೆ ಮುಂಚಿನ ನಾಮಿನೇಷನ್ ಮದುವೆಯಾದ ಮೇಲೆ ಊರ್ಜಿತವಲ್ಲ, ಹೊಸದಾಗಿ ಮಾಡಲೇಬೇಕು. ಆದರೆ ಗ್ರೂಪ್ ವಿಮೆಯಲ್ಲಿ ಹಳೆಯ ಹೆಸರು ಹಾಗೆಯೇ ಕೂತಿರುತ್ತದೆ. ಇಂಥದ್ದೇ ಒಂದು ಜಗಳ, ಮದುವೆಗೆ ಮುಂಚೆ ಮಾಡಿಸಿದ ಪಾಲಿಸಿಗಳಲ್ಲಿ ತಾಯಿ ನಾಮಿನಿಯಾಗಿದ್ದ ಪ್ರಕರಣ, 2025ರಲ್ಲಿ ಕರ್ನಾಟಕ ಹೈಕೋರ್ಟಿನವರೆಗೆ ಹೋಗಿತ್ತು. ನಾಮಿನಿ ಎಂದ ಮಾತ್ರಕ್ಕೆ ವಾರಸುದಾರರ ಹಕ್ಕು ಅಳಿಯುವುದಿಲ್ಲ ಎಂದು ತಾಯಿ, ಹೆಂಡತಿ, ಮಗುವಿಗೆ ತಲಾ ಮೂರನೇ ಒಂದು ಪಾಲು ಕೊಟ್ಟಿತು ಕೋರ್ಟು. ನ್ಯಾಯ ಸಿಕ್ಕಿತು, ಆದರೆ ಅತ್ತೆ ಸೊಸೆ ಕೋರ್ಟಿಗೆ ಅಲೆಯಬೇಕಾಯಿತು.

ನಾವು ಇದನ್ನು ಭಾವನ ಮುಂದೆಯೇ ಇಟ್ಟೆವು. ಅವರು ಒಂದು ನಿಮಿಷ ಸುಮ್ಮನಿದ್ದು, "ಅಮ್ಮನಿಗೂ ಇರಲಿ, ಅವಳಿಗೆ ಬೇರೆ ಯಾರಿದ್ದಾರೆ" ಎಂದರು. ಅಕ್ಕನಿಗೆ 70, ತಾಯಿಗೆ 30 ಎಂದು ಬರೆದರು. ಅಕ್ಕ ಬೇಸರಪಡಲಿಲ್ಲ. ಎಲ್ಲರೆದುರು ಅವರೇ ಬರೆದದ್ದರಿಂದ ಆಮೇಲೆ ಯಾರೂ ಒಂದು ಮಾತು ಎತ್ತಲಿಲ್ಲ. ಬದಲಾವಣೆ ಮಾಡಿದ ಮೇಲೆ ಎಚ್‌ಆರ್‌ನಿಂದ ಸ್ವೀಕೃತಿ ಪಡೆಯಿರಿ, ಇಲ್ಲದಿದ್ದರೆ ಫಾರ್ಮ್ ಯಾರದೋ ಡ್ರಾಯರಿನಲ್ಲಿ ಉಳಿಯುತ್ತದೆ. ಗ್ರ್ಯಾಚುಯಿಟಿಯ ನಾಮಿನೇಷನ್ ಬೇರೆಯದೇ, ಅದನ್ನೂ ಮಾಡಿ. ಪಿಎಫ್‌ದು ಆನ್‌ಲೈನ್‌ನಲ್ಲೇ ಆಗುತ್ತದೆ, ಆಧಾರ್ ಓಟಿಪಿ ಬೇಕು.

ಆ ಓಟಿಪಿಯೇ ನಮ್ಮನ್ನು ಸುಸ್ತು ಮಾಡಿದ್ದು. ಆಧಾರಿಗೆ ಜೋಡಿಸಿದ್ದ ನಂಬರ್ ಯಾವತ್ತೋ ಬಿಟ್ಟ ಹಳೆಯ ಸಿಮ್. ಕೀಮೋ ಆದ ಮೂರನೇ ದಿನ ಭಾವನನ್ನು ಗಾಲಿಕುರ್ಚಿಯಲ್ಲಿ ಆಧಾರ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಸಾಲಿನಲ್ಲಿದ್ದವರೇ ಜಾಗ ಬಿಟ್ಟು, ಒಣಗಿದ ಬೆರಳಿಗೆ ಒದ್ದೆ ಬಟ್ಟೆ ಒತ್ತಿ ಒತ್ತಿ ಕೊನೆಗೆ ಬೆರಳಚ್ಚು ಬಂತು. ಹಾಸಿಗೆ ಹಿಡಿದವರಿಗೆ ಮನೆಗೇ ಬಂದು ಮಾಡಿಕೊಡುವ ವ್ಯವಸ್ಥೆಯೂ ಆಧಾರ್ ಪ್ರಾಧಿಕಾರದಲ್ಲಿದೆ. ನೀವು ಮೊದಲ ವಾರವೇ ನಂಬರ್ ಪರೀಕ್ಷಿಸಿ. ಆ ಸಿಮ್ ಮುಂದೆ ಒಂದು ವರ್ಷವಾದರೂ ರೀಚಾರ್ಜ್ ಆಗುತ್ತಿರಲಿ.

ಹೆಸರಿನ ವಿಷಯದಲ್ಲಿ ನಮ್ಮ ಕಡೆಯವರಿಗೆ ಇರುವ ಕಷ್ಟ ಬೇರೆ. ಆಧಾರಿನಲ್ಲಿ ಅಪ್ಪನ ಹೆಸರು ಪೂರ್ತಿ, ಪ್ಯಾನ್‌ನಲ್ಲಿ ಇನಿಷಿಯಲ್, ಮಾರ್ಕ್ಸ್ ಕಾರ್ಡಿನಲ್ಲಿ ಊರಿನ ಹೆಸರು, ಬ್ಯಾಂಕಿನಲ್ಲಿ ಮತ್ತೊಂದು. ನಾಮಿನಿಯ ಹೆಸರು ಆಧಾರಿನಲ್ಲಿ ಇರುವ ಹಾಗೇ ಎಲ್ಲ ಕಡೆ ಇರಲಿ. ಜನ್ಮದಿನಾಂಕವೂ ಅಷ್ಟೇ.

ಏಜೆಂಟರ ಮಾತಿಗೆ ಮರುಳಾಗಬೇಡಿ

ಕಾಯಿಲೆ ಗೊತ್ತಾದ ಮೇಲೆ "ಈಗಲೇ ಒಂದು ಪಾಲಿಸಿ ಮಾಡಿಸಿ, ಕಾಯಿಲೆ ಬರೆಯಬೇಡಿ" ಎನ್ನುವವರು ಸಿಗುತ್ತಾರೆ. ಮುಚ್ಚಿಟ್ಟು ಮಾಡಿಸಿದ ಪಾಲಿಸಿಯನ್ನು ಮೂರು ವರ್ಷದೊಳಗೆ ವಿಮಾ ಸಂಸ್ಥೆ ಪ್ರಶ್ನಿಸಬಹುದು, ಕ್ಲೇಮ್ ತಿರಸ್ಕರಿಸಬಹುದು. ಇರುವ ಹಳೆಯ ಪಾಲಿಸಿಗಳ ಕಂತು ತಪ್ಪದಂತೆ ನೋಡಿಕೊಂಡರೆ ಅದೇ ದೊಡ್ಡದು.

ಆ ದಿನ ಬಂದ ಮೇಲೆ

ಕಾರ್ಯಗಳೆಲ್ಲ ಮುಗಿಯಲಿ. ಆದರೆ ಎಚ್‌ಆರ್‌ಗೆ ಒಂದು ಸಾಲಿನ ಮೇಲ್ ಆ ವಾರವೇ ಹೋಗಲಿ, ನೀವಲ್ಲದಿದ್ದರೆ ಮನೆಯ ಬೇರೆ ಯಾರಾದರೂ ಕಳಿಸಲಿ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಆಸ್ಪತ್ರೆಯಲ್ಲಾದರೆ ಅವರೇ ವರದಿ ಮಾಡುತ್ತಾರೆ, ಅಲ್ಲಿ ಬರೆಸುವಾಗಲೇ ಹೆಸರಿನ ಅಕ್ಷರ ಒಂದೊಂದಾಗಿ ನೋಡಿ. ಪ್ರಮಾಣಪತ್ರದ ಎಂಟು ಹತ್ತು ಪ್ರತಿ ತೆಗೆದಿಟ್ಟುಕೊಳ್ಳಿ. ನಾಮಿನೇಷನ್ ಇಲ್ಲದೇ ಹೋದ ಕಡೆ ನಾಡ ಕಚೇರಿಯಿಂದ ವಂಶವೃಕ್ಷ ಬೇಕಾಗಬಹುದು.

ಗ್ರೂಪ್ ವಿಮೆಯ ಕ್ಲೇಮ್ ಹೋಗುವುದು ಕಂಪನಿಯ ಮೂಲಕ. ಪಿಎಫ್, ಇಡಿಎಲ್‌ಐ, ಪಿಂಚಣಿಗೆ ಬೇರೆಯಾಗಿ ಅರ್ಜಿ. ಹಳೆಯ ಲೆಕ್ಕದಲ್ಲಿ ಫಾರ್ಮ್ 20, 5ಐಎಫ್, 10ಡಿ ಎನ್ನುತ್ತಾರೆ. ತನಿಖೆ ಬೇಡದ ಸಾವಿನ ಕ್ಲೇಮ್ ಅನ್ನು ವಿಮಾ ಸಂಸ್ಥೆ 15 ದಿನದಲ್ಲಿ, ತನಿಖೆ ಇದ್ದರೆ 45 ದಿನದಲ್ಲಿ ಮುಗಿಸಬೇಕು ಎಂಬುದು ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮ. ತಡವಾದರೆ, ತಿರಸ್ಕರಿಸಿದರೆ ಮೊದಲು ವಿಮಾ ಸಂಸ್ಥೆಗೆ ಲಿಖಿತ ದೂರು ಕೊಡಿ. ಒಂದು ತಿಂಗಳಲ್ಲಿ ಸರಿಯಾಗದಿದ್ದರೆ ವಿಮೆಯ ದೂರುಗಳನ್ನು ವಿಚಾರಿಸುವ ಅಧಿಕಾರಿ, ವಿಮಾ ಒಂಬುಡ್ಸ್‌ಮನ್ ಬಳಿ ಹೋಗಿ. ಬೆಂಗಳೂರಿನಲ್ಲಿ ಅವರ ಕಚೇರಿ ಜೆ.ಪಿ. ನಗರದಲ್ಲಿದೆ, 50 ಲಕ್ಷದವರೆಗಿನ ದೂರು ಕೇಳುತ್ತಾರೆ, ಶುಲ್ಕ ಇಲ್ಲ, ವಕೀಲರೂ ಬೇಡ.

ಕೊನೆಗೆ ನಿಮ್ಮದೇ ಕಾಗದಗಳು ಉಳಿಯುತ್ತವೆ. ನಿಮ್ಮ ಪಿಎಫ್, ನಿಮ್ಮ ಕಂಪನಿ ವಿಮೆ, ನಿಮ್ಮ ಬ್ಯಾಂಕ್ ಖಾತೆ ಎಲ್ಲದರಲ್ಲೂ ನಾಮಿನಿ ತೀರಿಕೊಂಡ ನಿಮ್ಮ ಮನೆಯವರೇ ಆಗಿರುತ್ತಾರೆ, ಅಲ್ವಾ? ಮಕ್ಕಳ ಹೆಸರು ಹಾಕಬೇಕು. 18 ತುಂಬದ ಮಕ್ಕಳಾದರೆ ಅವರ ಪರವಾಗಿ ಹಣ ಪಡೆಯುವ ದೊಡ್ಡವರೊಬ್ಬರ ಹೆಸರೂ ಬೇಕು. ಅಕ್ಕ ಇದನ್ನು ಮೂರು ತಿಂಗಳು ಮುಂದೂಡಿದಳು. ಭಾವನ ಹೆಸರು ಅಳಿಸಲು ಅವಳಿಗೆ ಕೈ ಬರಲಿಲ್ಲ. ಒಂದು ಭಾನುವಾರ ಫೋನ್ ಮಾಡಿ, "ನೀನು ಬಾ, ಇಬ್ಬರೂ ಕೂತು ಮಾಡೋಣ" ಎಂದಳು. ನಾನು ಹೋದೆ. ಇಬ್ಬರು ಮಕ್ಕಳ ಹೆಸರು ಅವಳೇ ಟೈಪ್ ಮಾಡಿದಳು. ಅದರ ಕೆಳಗಿನ ಜಾಗದಲ್ಲಿ ನನ್ನ ಹೆಸರು ಹಾಕಿದಳು.